ಮ್ಯಾಪ್‌ನ ಓಪನಿಂಗ್ ಬ್ಯಾಲೆನ್ಸೇ ತಪ್ಪಿದ್ರೆ?

ಊರು-ಲೆಕ್ಕ ಸರಣಿ | ಭಾಗ 6

"1,900 ವರ್ಷದ ಹಿಂದೆಯೇ ಗ್ರೀಕರ ಮ್ಯಾಪ್‌ನಲ್ಲಿ ನಮ್ಮ ಮಂಗಳೂರು!" ಅನ್ನುವ ಪೋಸ್ಟ್ ನೀವೂ ನೋಡಿರ್ತೀರಿ. ನಾನೂ ಶೇರ್ ಮಾಡಿದವನೇ. ಆದ್ರೆ ಹೆಮ್ಮೆಪಡುವ ಮೊದಲು ಸ್ವಲ್ಪ ಲೆಕ್ಕ ನೋಡುವ, ಆಗದಾ?

ಕ್ರಿ.ಶ. 150ರ ಹೊತ್ತಿಗೆ ಅಲೆಕ್ಸಾಂಡ್ರಿಯಾದಲ್ಲಿ ಟಾಲೆಮಿ ಸುಮಾರು 8,000 ಸ್ಥಳಗಳ ಪಟ್ಟಿ ಮಾಡಿದ. ಹೆಚ್ಚಿನವಕ್ಕೆ ಅಕ್ಷಾಂಶ, ರೇಖಾಂಶ ಎರಡೂ ಕೊಟ್ಟ. ಅದರಲ್ಲಿ ನಮ್ಮ ಕರಾವಳಿಯ 'ನಿತ್ರ' ಅನ್ನುವ ವ್ಯಾಪಾರದ ಊರು ಉಂಟು. ಅದು ನೇತ್ರಾವತಿ ತೀರದ ಮಂಗಳೂರೇ ಅಂತ ಕೆಲವರು. ಅಲ್ಲ, ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪ ಅಂತ ಇನ್ನು ಕೆಲವರು. ಟಾಲೆಮಿ ಬರೆದದ್ದು ವ್ಯಾಪಾರಿಗಳು, ನಾವಿಕರು ಹೇಳಿದ್ದನ್ನು ಕೂಡಿಸಿ. ಹಾಗಾಗಿ ಅವನ ಮ್ಯಾಪ್‌ನಲ್ಲಿ ದಕ್ಷಿಣ ಭಾರತ ಚಪ್ಪಟೆ, ಶ್ರೀಲಂಕಾ ದೈತ್ಯ, ಹಿಂದೂ ಮಹಾಸಾಗರ ಸುತ್ತ ನೆಲ ಇರುವ ಕೆರೆ!

ಬಿಕಾಂನವರಿಗೆ ಗೊತ್ತು, ಓಪನಿಂಗ್ ಬ್ಯಾಲೆನ್ಸ್ ತಪ್ಪಿದ್ರೆ ಮುಂದಿನ ಎಲ್ಲ ವರ್ಷಕ್ಕೂ ಅದೇ ತಪ್ಪು ಹೋಗ್ತದೆ. ಇಲ್ಲೂ ಹಾಗೇ ಆಯ್ತು. 1406ರ ಸುಮಾರಿಗೆ ಈ ಪುಸ್ತಕ ಲ್ಯಾಟಿನ್‌ಗೆ ಬಂತು, ಯುರೋಪಿನವರು ಅದನ್ನೇ ಪ್ರಮಾಣ ಅಂದ್ಕೊಂಡ್ರು. ಎರಟೊಸ್ಥೆನಿಸ್ ಮೊದಲೇ ಭೂಮಿಯ ಸುತ್ತಳತೆ ಹೆಚ್ಚುಕಮ್ಮಿ ಸರಿಯಾಗಿ ಹೇಳಿದ್ದ. ಟಾಲೆಮಿ ಹಿಡಿದದ್ದು ಅದಕ್ಕಿಂತ ಸಣ್ಣ ಅಳತೆ. 1492ರಲ್ಲಿ ಕೊಲಂಬಸ್ ಏಷ್ಯಾ ಹತ್ತಿರವೇ ಉಂಟು ಅಂತ ಹೊರಡ್ಲಿಕ್ಕೆ ಇಂಥ ಲೆಕ್ಕಗಳೂ ಕಾರಣ.

1488ರಲ್ಲಿ ಡಯಾಸ್ ಆಫ್ರಿಕಾದ ತುದಿ ದಾಟಿದ ಮೇಲೆ ಆ 'ಕೆರೆ'ಯ ಕಟ್ಟೆ ಒಡೆಯಿತು. 1498ರಲ್ಲಿ ಗಾಮನನ್ನು ಮಲಿಂದಿಯಿಂದ ಕೋಝಿಕ್ಕೋಡಿಗೆ ದಾಟಿಸಿದ್ದು ಕೂಡ ಮ್ಯಾಪ್ ಅಲ್ಲ, ಈ ಕಡಲು ಗೊತ್ತಿದ್ದ ಒಬ್ಬ ನಾವಿಕ.

ಹಾಗಾದ್ರೆ ಟಾಲೆಮಿ ದಡ್ಡನಾ? ಖಂಡಿತ ಅಲ್ಲ ಮಾರಾಯ್ರೆ. ಅಂಕಿ ಬರೆದಿಟ್ಟ ಕಾರಣಕ್ಕೇ ಮುಂದಿನವರಿಗೆ ತಪ್ಪು ಹಿಡಿಯಲಿಕ್ಕೆ ಆಯ್ತು. ಹೊಸ ಮಾಹಿತಿ ಬಂದ ಹಾಗೆ ಅದನ್ನೇ ಅನುಸರಿಸಬೇಕು ಅಂತ ಅವನೇ ಬರೆದಿದ್ದ. ಅವನ ಅಂಕಿ ಎಲ್ಲರೂ ನಂಬಿದ್ರು, ಈ ಮಾತು ಮರೆತ್ರು.

ನಾವೂ ಮರೀತಾ ಇದ್ದೇವೆ ಅಂತ ನನಗೆ ಅನಿಸ್ತದೆ. ನಮ್ಮ ಅಳಿವೆ ಬಾಗಿಲಿನಲ್ಲಿ ಹೂಳು ಮಳೆಗಾಲದಿಂದ ಮಳೆಗಾಲಕ್ಕೆ ಜಾಗ ಬದಲಿಸ್ತದೆ. ಅದು ದಿನಾ ಬೋಟ್ ದಾಟಿಸುವವರಿಗೆ ಮೊದಲು ಗೊತ್ತಾಗೋದು, ನಕ್ಷೆಗೆ ಆಮೇಲೆ. ಅಲ್ಲಿ ಲೆಕ್ಕ ತಪ್ಪಿದ್ರೆ ಹೋಗೋದು ಮಾರ್ಕ್ಸ್ ಅಲ್ಲ, ಜೀವ. ಕಡಲಿನ ಯಾವ ಯೋಜನೆಯ ನಕ್ಷೆ ಮಾಡಿದ್ರೂ ಮೊದಲು ದಕ್ಕೆಗೆ ಹೋಗಿ ಕೇಳಿ. ನಕ್ಷೆ ಮುಗಿದ ಮೇಲೆ ಅಲ್ಲ.

ಮ್ಯಾಪ್‌ನಲ್ಲಿ ತಪ್ಪಾಗಿರುವ ನಿಮ್ಮೂರಿನ ಜಾಗ ಯಾವುದು? ಕಾಮೆಂಟ್ ಮಾಡಿ.

#ಮಂಗಳೂರು #ನೇತ್ರಾವತಿ #ಊರುಲೆಕ್ಕ