ಮಾತ್ರೆಗೆ ಬಗ್ಗುವ ಬೆನ್ನುನೋವು

ಅಡಿಕೆ ಕೊಯ್ಲಿನ ಹೊತ್ತಿಗೆ ಆನಂದಪುರದ ಸುತ್ತಮುತ್ತ ಬೆನ್ನುನೋವು ಯಾರಿಗೂ ಹೊಸದಲ್ಲ. ಹಾಗಾಗಿ ಹೈಸ್ಕೂಲು ಹುಡುಗನೊಬ್ಬ ಬೆನ್ನು ಹಿಡಿದುಕೊಂಡರೆ, ಮೂಟೆ ಎತ್ತಿ ಉಳುಕಿರಬೇಕು ಎಂದು ಮನೆಯವರು ಎಣ್ಣೆ ಹಚ್ಚಿ ನೀವುತ್ತಾರೆ. ಬಹಳ ಸಲ ಅಷ್ಟೇ ಸಾಕಾಗುತ್ತದೆ. ಆದರೆ ಹಗಲು ಹೇಗೋ ಇದ್ದು, ನಡುರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಬೇರೆ. ಐಬುಪ್ರೊಫೆನ್ ನುಂಗಿದರೆ ಸ್ವಲ್ಪ ಹೊತ್ತಿನಲ್ಲಿ ಮಾಯ; ಮರುರಾತ್ರಿ ಮತ್ತೆ ಹಾಜರು.

‘ಮಾತ್ರೆಗೆ ಹೋಗುತ್ತದಲ್ಲ, ದೊಡ್ಡದೇನಿರಲಿಕ್ಕಿಲ್ಲ’ ಎಂಬ ಸಮಾಧಾನವೇ ಇಲ್ಲಿ ದಾರಿ ತಪ್ಪಿಸುತ್ತದೆ. ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬ ಪುಟ್ಟ ಮೂಳೆಗಡ್ಡೆ ಹೆಚ್ಚಾಗಿ 10ರಿಂದ 25 ವರ್ಷದೊಳಗಿನವರಲ್ಲಿ, ಅದರಲ್ಲೂ ಹುಡುಗರಲ್ಲಿ ಕಾಣಿಸುತ್ತದೆ. ಇದು ಕ್ಯಾನ್ಸರ್ ಅಲ್ಲ, ಬೇರೆ ಕಡೆಗೆ ಹರಡುವುದಿಲ್ಲ. ಕಡಲೆಕಾಳಿನಷ್ಟಿದ್ದರೂ ನೋವು ಹುಟ್ಟಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ಧಾರಾಳವಾಗಿ ತಯಾರಿಸುತ್ತದೆ. ಮಾತ್ರೆ ತಡೆಯುವುದು ಅದರ ತಯಾರಿಕೆಯನ್ನೇ. ಅಂದರೆ ನೋವು ಮಾತ್ರೆಗೆ ಬಗ್ಗುವುದೇ ರೋಗದ ಸುಳಿವು.

ಎರಡನೆಯ ಸುಳಿವು, ಸೊಟ್ಟಗಾದ ಬೆನ್ನು. ಬೆನ್ನುಮೂಳೆಯಲ್ಲಾದರೆ ಗಡ್ಡೆ ಸಾಮಾನ್ಯವಾಗಿ ಅದರ ಹಿಂಭಾಗದಲ್ಲಿ ಕೂರುತ್ತದೆ. ಗಡ್ಡೆ ಇರುವ ಬದಿಯ ಸ್ನಾಯು ಬಿಗಿದು ಬೆನ್ನು ಒಂದು ಕಡೆಗೆ ವಾಲುತ್ತದೆ. ಹರೆಯದಲ್ಲಿ ತಾನಾಗಿ ಬರುವ ಬೆನ್ನಿನ ಡೊಂಕಿನಲ್ಲಿ ಇಂಥ ಜೋರು ನೋವು ಇರುವುದಿಲ್ಲ. ಡೊಂಕೂ ನೋವೂ ಜೊತೆಯಾಗಿ ಬಂದರೆ ಕಾರಣ ಹುಡುಕಲೇಬೇಕು.

ಮೂಳೆಗಳು ಒಂದರ ಮೇಲೊಂದು ಬೀಳುವುದರಿಂದ ಎಕ್ಸ್‌ರೇಯಲ್ಲಿ ಗಡ್ಡೆ ಹಲವೊಮ್ಮೆ ಕಣ್ಣುತಪ್ಪುತ್ತದೆ. ಎಂ.ಆರ್.ಐ.ಯಲ್ಲಿ ಸುತ್ತಲಿನ ಊತವೇ ಎದ್ದು ಕಂಡು, ಸೋಂಕೋ ದೊಡ್ಡ ಗಡ್ಡೆಯೋ ಎಂಬ ಗೊಂದಲವಾಗಬಹುದು. ಗಡ್ಡೆಯ ನೆಲೆಯನ್ನು ನಿಚ್ಚಳವಾಗಿ ತೋರಿಸುವುದು ತೆಳು ಪದರಗಳ ಸಿ.ಟಿ. ಸ್ಕ್ಯಾನ್. ನಮ್ಮಲ್ಲಿ ಬೆನ್ನುಮೂಳೆಯ ಕ್ಷಯವೂ ಇರುವುದರಿಂದ ಅದನ್ನು ಮೊದಲು ತಳ್ಳಿಹಾಕಬೇಕು. ಸಂಜೆ ಜ್ವರ, ತೂಕ ಇಳಿಯುವುದು ಅದರ ಲಕ್ಷಣ.

ಕೆಲವು ಗಡ್ಡೆಗಳು ವರ್ಷಗಳಲ್ಲಿ ತಾವೇ ತಣ್ಣಗಾಗುತ್ತವೆ. ಆದರೆ ಅಷ್ಟು ಕಾಲ ನೋವಿನ ಮಾತ್ರೆ ನುಂಗಿದರೆ ಹೊಟ್ಟೆ, ಮೂತ್ರಪಿಂಡಕ್ಕೆ ಕೇಡು. ಆಸ್ಪಿರಿನ್ ಅಂತೂ ವೈದ್ಯರು ಹೇಳದೆ ಮಕ್ಕಳಿಗೆ ಕೊಡಬಾರದು. ಈಗ ಸಿ.ಟಿ. ನೋಡುತ್ತಾ ಸೂಜಿ ತೂರಿಸಿ, ರೇಡಿಯೋ ತರಂಗದಿಂದ ಸುಮಾರು 90 ಡಿಗ್ರಿ ಶಾಖ ಕೊಟ್ಟು ಕೆಲವೇ ನಿಮಿಷಗಳಲ್ಲಿ ಗಡ್ಡೆಯನ್ನು ಸುಡುತ್ತಾರೆ. ನರ ತೀರ ಹತ್ತಿರವಿದ್ದರೆ ಶಸ್ತ್ರಚಿಕಿತ್ಸೆಯೇ ಕ್ಷೇಮ. 2 ಸೆಂ.ಮೀ. ಮೀರಿದ ಅದೇ ಬಳಗದ ಗಡ್ಡೆ ಆಸ್ಟಿಯೋಬ್ಲಾಸ್ಟೋಮಾ. ಅದು ಬೆಳೆದು ನರ ಒತ್ತಬಹುದಾದ್ದರಿಂದ ಅದನ್ನು ತೆಗೆಯಲೇಬೇಕು. ಯಾವ ಗಡ್ಡೆಯಾದರೂ ಬೇಗ ತೆಗೆದರೆ ಬೆನ್ನು ಬಹುಮಟ್ಟಿಗೆ ನೆಟ್ಟಗಾಗುತ್ತದೆ. ವರ್ಷ ಮೀರಿ ಎಳೆದರೆ ಡೊಂಕು ಉಳಿದುಬಿಡಬಹುದು.

ಮೊದಲು ಸಾಗರದ ಆಸ್ಪತ್ರೆ ಅಥವಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮೂಳೆ ವೈದ್ಯರಿಗೆ ತೋರಿಸಿ. ಮುಂದಿನ ಚಿಕಿತ್ಸೆಗೆ ಮಣಿಪಾಲ, ಬೆಂಗಳೂರಿನ ದಾರಿ ಅವರೇ ಹೇಳುತ್ತಾರೆ. ಕಾಲು ಜೋಮು ಹಿಡಿದರೆ, ನಡಿಗೆ ತಪ್ಪಿದರೆ, ಮೂತ್ರದ ಹಿಡಿತ ಹೋದರೆ ಒಂದು ದಿನವೂ ಕಾಯಬೇಡಿ. ನೋವು ಯಾವ ಹೊತ್ತಿಗೆ ಎಬ್ಬಿಸಿತು, ಯಾವ ಮಾತ್ರೆಗೆ ಎಷ್ಟು ಹೊತ್ತಿನಲ್ಲಿ ಇಳಿಯಿತು ಎಂಬುದನ್ನು ಬರೆದಿಟ್ಟುಕೊಂಡು ಹೋಗಿ, ವೈದ್ಯರು ಕೇಳದಿದ್ದರೂ ಹೇಳಿ.