ಪಿಕಪ್‌ಗೆ ಸೆಟ್ ಹಾಕಿಸಿ, ಆದರೆ ಆಕಳ ಮುಖಕ್ಕೆ ಬೇಡ



ಹಾನಗಲ್, ಅಕ್ಕಿಆಲೂರು, ತಿಳವಳ್ಳಿ ಕಡೆ ಬೆಳಿಗ್ಗೆ ರಸ್ತೆ ಬದಿ ನಿಂತರೆ ಪಿಕಪ್ ಕಣ್ಣಿಗೆ ಬೀಳುವ ಮೊದಲೇ ಅದರ ಹಾಡು ಕಿವಿಗೆ ಬೀಳುತ್ತದೆ. ಅದೇ ಗಾಡಿ ಬೆಳಿಗ್ಗೆ ಹಾಲಿನ ಕ್ಯಾನು ಹೊರುತ್ತದೆ, ಮಧ್ಯಾಹ್ನ ಗೋವಿನಜೋಳದ ಚೀಲ, ಸಂತೆಯ ದಿನ ಆಕಳು, ದೀಪಾವಳಿ ಬಂತೆಂದರೆ ಕೊಬ್ಬರಿ ಹೋರಿ. ಹತ್ತು-ಹನ್ನೆರಡು ವರ್ಷದ ಹಳೆಯ ಗಾಡಿ ತಂದು, ಸವೆದ ಟೈರ್ ಬದಲಿಸುವ ಮೊದಲು ಸೆಟ್ ಹಾಕಿಸುವ ಹುಡುಗರು ನಮ್ಮ ಪ್ರತಿ ಸಂಘದ ವ್ಯಾಪ್ತಿಯಲ್ಲೂ ಇದ್ದಾರೆ.

ನಾನು ಹಾಡಿನ ವಿರೋಧಿಯಲ್ಲ. ರಾತ್ರಿ ಎರಡು ಗಂಟೆಗೆ ಕರು ಅಡ್ಡ ಬಂದಿದೆ ಎಂದು ಕರೆ ಬಂದಾಗ ಎಷ್ಟೋ ಸಲ ನಿಮ್ಮ ಪಿಕಪ್‌ನಲ್ಲೇ ಹೋಗಿ ಬಂದಿದ್ದೇನೆ. ಆ ಹೊತ್ತಿನಲ್ಲಿ ಗಾಡಿ ಓಡಿಸುವವನ ಕಣ್ಣು ಮುಚ್ಚದಂತೆ ನೋಡಿಕೊಂಡದ್ದು ಹಾಡೇ. ಹಾಗಾಗಿ ಸೆಟ್ ಕಿತ್ತು ಹಾಕಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಎಲ್ಲಿ ಹಾಕಿಸಬೇಕು, ಹೇಗೆ ಹಾಕಿಸಬೇಕು, ಯಾವಾಗ ಬಂದ್ ಮಾಡಬೇಕು ಎಂಬುದನ್ನು ಹೇಳಲು ಬರೆಯುತ್ತಿದ್ದೇನೆ.

ಕಳೆದ ವರ್ಷ ನಮ್ಮ ತಾಲ್ಲೂಕಿನ ಒಬ್ಬ ಯುವ ಸದಸ್ಯರು ಸಂತೆಯಲ್ಲಿ ಏಳು ತಿಂಗಳ ಗಬ್ಬದ ಎಚ್‌ಎಫ್ ಮಿಶ್ರತಳಿ ಮಣಕವೊಂದನ್ನು ಕೊಂಡು ತಮ್ಮ ಪಿಕಪ್‌ನಲ್ಲೇ ತಂದರು. ಗಾಡಿಗೆ ಹೊಸದಾಗಿ ಎರಡು ದೊಡ್ಡ ಬಾಕ್ಸ್ ಹಾಕಿಸಿದ್ದರು. ಕ್ಯಾಬಿನ್ ಹಿಂದಿನ ಗಾರ್ಡ್‌ಗೆ ಬಿಗಿದು, ಬಾಯಿ ಹಿಂದಕ್ಕೆ ಮಾಡಿದ್ದರು. ಮಣಕವನ್ನು ಮುಖ ಮುಂದಾಗಿ, ಹಗ್ಗ ಗಿಡ್ಡ ಮಾಡಿ ಕಟ್ಟಿದ್ದರು. ಅಂದರೆ ಬಾಕ್ಸ್‌ಗೂ ಅದರ ಕಿವಿಗೂ ಒಂದು ಮೊಳ ಅಂತರ. ಕೆಳಗೆ ಬರೀ ತಗಡು, ಹುಲ್ಲಿಲ್ಲ, ಚಾಪೆಯಿಲ್ಲ. ದಾರಿಯುದ್ದಕ್ಕೂ ಹಾಡು. ಮನೆಗೆ ಬಂದು ನೋಡಿದರೆ ಮಣಕ ಹಿಂಗಾಲು ಅಗಲಿಸಿಕೊಂಡು ಬಿದ್ದಿತ್ತು. ನಾನು ಹೋದಾಗ ಚಪ್ಪೆಯ ಕೀಲು ತಪ್ಪಿತ್ತು. ಹುಲ್ಲಿನ ಹಾಸಿಗೆ ಮಾಡಿ, ಹೊತ್ತು ಹೊತ್ತಿಗೆ ಮಗ್ಗಲು ಬದಲಿಸಿ, ಔಷಧ ಕೊಟ್ಟು ನೋಡಿದೆವು. ಆರನೆಯ ದಿನ ಹೋಯಿತು, ಹೊಟ್ಟೆಯೊಳಗಿನ ಕರುವೂ ಹೋಯಿತು. ವಿಮೆ ಇನ್ನೂ ಮಾಡಿಸಿರಲಿಲ್ಲ.

"ಹಾಡ ಹಚ್ಚಿದ್ದಕ್ಕ ಹಿಂಗ ಆತೇನ್ರೀ ಡಾಕ್ಟರ?" ಎಂದು ಆತ ಕೇಳಿದ. ಹೌದು ಎನ್ನಲು ನನ್ನ ಬಳಿ ಸಾಕ್ಷಿ ಇರಲಿಲ್ಲ. ತಗಡಿನ ಮೇಲೆ ಸುಮ್ಮನೆ ನಿಂತಿದ್ದರೂ ತಿರುವಿನಲ್ಲಿ ಜಾರಬಹುದಿತ್ತು. ಆದರೆ ಮುಖದ ಮುಂದೆ ಸದ್ದು ಹೊಡೆಯುತ್ತಿದ್ದರೆ ಪ್ರಾಣಿ ಹಿಂದಕ್ಕೆ ಜಗ್ಗುತ್ತದೆ. ಹಗ್ಗ ಬಿಡುವುದಿಲ್ಲ, ಕಾಲಿಗೆ ಹಿಡಿತ ಸಿಗುವುದಿಲ್ಲ. ಮೂರೂ ಸೇರಿದವು ಎಂದಷ್ಟೇ ಹೇಳಿದೆ.

ಆಕಳ ಕಿವಿ ನಮ್ಮ ಕಿವಿಯಂತಲ್ಲ. ಮನುಷ್ಯರಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ ಆಕಳಿಗೆ ಸುಮಾರು 35,000 ಹರ್ಟ್ಸ್‌ವರೆಗೂ ಕೇಳಿಸುತ್ತದೆ. ಅದರ ಕಿವಿ ಅತಿ ಚುರುಕಾಗಿರುವುದು 8,000 ಹರ್ಟ್ಸ್ ಆಸುಪಾಸಿನಲ್ಲಿ. ಅಗ್ಗದ ಬಾಕ್ಸ್‌ನ ಸಣ್ಣ ಸ್ಪೀಕರ್ ವಾಲ್ಯೂಮ್ ಏರಿಸಿದಾಗ ಕಿರಿಚುವುದೂ ಸರಿಸುಮಾರು ಅಲ್ಲಿಯೇ. ನಮಗೆ ಬೇಸರವಾದರೆ ಎದ್ದು ದೂರ ಹೋಗುತ್ತೇವೆ. ಕಟ್ಟಿದ ಪ್ರಾಣಿ ಎಲ್ಲಿಗೆ ಹೋಗಬೇಕು?

ಜಾನುವಾರು ಸಾಗಣೆಗೆ ನಮ್ಮ ದೇಶದಲ್ಲಿ 1978ರ ನಿಯಮಗಳಿವೆ. ಒಂದು ಸರಕು ಗಾಡಿಯಲ್ಲಿ ಆರಕ್ಕಿಂತ ಹೆಚ್ಚು ದನ ಹೇರಬಾರದು, ನೆಲಕ್ಕೆ ಜಾರದಂತೆ ನಾರಿನ ಚಾಪೆ ಅಥವಾ ಹಲಗೆ ಇರಬೇಕು, ದನದ ಜೊತೆ ಬೇರೆ ಸಾಮಾನು ಹೇರಬಾರದು, ನೋಡಿಕೊಳ್ಳಲು ಒಬ್ಬ ಆಳು ಇರಬೇಕು ಎಂದು ಅವು ಹೇಳುತ್ತವೆ. ದನ ಬೆದರದಂತೆ, ಪೆಟ್ಟಾಗದಂತೆ ಅವುಗಳ ಮುಖ ಆದಷ್ಟು ಇಂಜಿನ್ ಕಡೆಗಿರಲಿ ಎಂದೂ ಹೇಳುತ್ತವೆ. ಈಗ ಯೋಚಿಸಿ. ಬೆದರಬಾರದೆಂದು ಯಾವ ಕಡೆ ಮುಖ ಮಾಡಿಸುತ್ತೇವೋ ಅದೇ ಕಡೆ ಬಾಕ್ಸ್ ಬಿಗಿಯುತ್ತಿದ್ದೇವೆ.

ಕೆಲವರು ಕೇಳುತ್ತಾರೆ, ಹಾಡು ಹಾಕಿದರೆ ಹಾಲು ಹೆಚ್ಚಾಗುತ್ತದಂತಲ್ಲ ಎಂದು. 2001ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿದ್ದು ನಿಜ. ನಿಧಾನ ಲಯದ ಸಂಗೀತಕ್ಕೆ ಹಾಲು ಶೇ. 3ರಷ್ಟು ಹೆಚ್ಚಿತು, ವೇಗದ ಸಂಗೀತಕ್ಕೆ ಹೆಚ್ಚಲಿಲ್ಲ. ಕೊಟ್ಟಿಗೆಯಲ್ಲಿ ಮೆಲ್ಲಗೆ ರೇಡಿಯೋ ಹಚ್ಚುವುದು ಬೇರೆ, ಹಿಂಡುವ ಹೊತ್ತಿಗೆ ಅಂಗಳದಲ್ಲಿ ಪಿಕಪ್ ನಿಲ್ಲಿಸಿ ಬೇಸ್ ಟ್ಯೂಬ್ ಗುಡುಗಿಸುವುದು ಬೇರೆ. ಆಕಳು ಹಾಲು ಇಳಿಸುವುದು ಆಕ್ಸಿಟೋಸಿನ್ ಎಂಬ ಹಾರ್ಮೋನಿನಿಂದ, ಅದರ ಪ್ರಭಾವ ಇರುವುದು ಕೆಲವೇ ನಿಮಿಷ. ಬೆದರಿದರೆ ಅಡ್ರಿನಲಿನ್ ಏರಿ ಅದಕ್ಕೆ ಅಡ್ಡ ಬರುತ್ತದೆ. "ಇವತ್ತು ಸೊರ ಬಿಡಲಿಲ್ಲ" ಎನ್ನುತ್ತೀರಲ್ಲ, ಅದೇ ಇದು. ಕೆಚ್ಚಲಲ್ಲಿ ಉಳಿದ ಹಾಲು ನಿಮ್ಮ ಲೆಕ್ಕಕ್ಕೂ ಬರುವುದಿಲ್ಲ, ಆಕಳಿಗೂ ಒಳ್ಳೆಯದಲ್ಲ.

ಇನ್ನು ವೈರಿಂಗ್. ಹಳೆಯ ಗಾಡಿಯಲ್ಲಿ ಹೆಚ್ಚಿನ ಅಪಾಯ ಇರುವುದು ಇಲ್ಲೇ. ಹನ್ನೆರಡು ವೋಲ್ಟ್‌ನ ಬ್ಯಾಟರಿಯಿಂದ 120 ವ್ಯಾಟ್ ಎಳೆದರೆ 10 ಆಂಪಿಯರ್ ಹರಿಯುತ್ತದೆ. ಆಂಪ್ಲಿಫೈಯರ್ ಅರ್ಧದಷ್ಟು ವಿದ್ಯುತ್ತನ್ನು ಬಿಸಿಯಾಗಿ ಕಳೆದರೆ, ಅಷ್ಟೇ ಸದ್ದಿಗೆ 20 ಆಂಪಿಯರ್ ಬೇಕು. ಕಂಪನಿ ಕೊಟ್ಟ ಹಳೆಯ ರೇಡಿಯೋ ಲೈನು ಇಷ್ಟಕ್ಕೆ ಮಾಡಿದ್ದಲ್ಲ. ಆದ್ದರಿಂದ ಆಂಪ್ಲಿಫೈಯರ್‌ಗೆ ಬ್ಯಾಟರಿಯಿಂದಲೇ ಬೇರೆ ದಪ್ಪ ವೈರ್ ಎಳೆಸಿ. ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಮೊಳದೊಳಗೆ ಫ್ಯೂಸ್ ಇರಲಿ. ತಗಡಿನ ತೂತಿನಲ್ಲಿ ವೈರ್ ಹೋಗುವ ಕಡೆ ರಬ್ಬರ್ ಬುಷ್ ಹಾಕಿಸಿ. ಇಲ್ಲದಿದ್ದರೆ ನಮ್ಮ ಹೊಲದ ದಾರಿಯ ಅಲುಗಾಟಕ್ಕೆ ಮೇಲಿನ ಸಿಪ್ಪೆ ಕೊಯ್ದು ತಗಡಿಗೆ ತಾಗುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ತಂತಿ ಸುತ್ತುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಫ್ಯೂಸ್ ಹೋದರೆ ಹತ್ತು ರೂಪಾಯಿ ಹೋಯಿತು, ಅದು ಇರದಿದ್ದರೆ ಬೆಂಕಿ. ಹಿಂದೆ ಒಣ ಹುಲ್ಲು ಹೇರಿ ದನ ಕಟ್ಟಿದ್ದ ಗಾಡಿಯಲ್ಲಿ ಬೆಂಕಿ ಎದ್ದರೆ ಹಗ್ಗ ಬಿಚ್ಚಲೂ ಹೊತ್ತು ಸಿಗುವುದಿಲ್ಲ.

ಇನ್ನೊಂದು ವಿಷಯ ನೇರವಾಗಿ ನಿಮ್ಮ ಹಾಲಿನ ಬಿಲ್ಲಿಗೆ ಸೇರಿದ್ದು. ಸೆಟ್‌ನ ಹಿಂದೆ ಹಳದಿ ವೈರ್ ಬ್ಯಾಟರಿಗೆ, ಕೆಂಪು ವೈರ್ ಚಾವಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಲೈನಿಗೆ, ಕಪ್ಪು ಅರ್ಥ್‌ಗೆ ಹೋಗಬೇಕು. ಕೆಲಸ ಬೇಗ ಮುಗಿಯಲೆಂದು ಹಳದಿ-ಕೆಂಪು ಎರಡನ್ನೂ ಒಟ್ಟಿಗೆ ತಿರುಚಿ ಬ್ಯಾಟರಿಗೆ ಕೊಟ್ಟುಬಿಡುತ್ತಾರೆ. ಚಾವಿ ತೆಗೆದರೂ ಸೆಟ್ ಬಂದ್ ಆಗುವುದಿಲ್ಲ. ರಾತ್ರಿಯೆಲ್ಲ ಹಳೆಯ ಬ್ಯಾಟರಿ ಇಳಿದು, ಬೆಳಿಗ್ಗೆ ಕ್ಯಾನು ಹೇರಿದ ಮೇಲೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಕರೆದ ಹಾಲು ಎರಡು ಗಂಟೆಯೊಳಗೆ ಶೀತಲೀಕರಣ ಕೇಂದ್ರಕ್ಕೆ ತಲುಪಿ 4 ಡಿಗ್ರಿಗೆ ಇಳಿಯಬೇಕು. ಬೆಚ್ಚಗಿನ ಹಾಲಿನಲ್ಲಿ ಸೂಕ್ಷ್ಮಾಣುಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲವು. ಒಂದು ಗಾಡಿ ತಳ್ಳುತ್ತ ನಿಂತರೆ ಓಡಿಸುವವನ ಹಾಲಷ್ಟೇ ಅಲ್ಲ, ಇಡೀ ಊರಿನ ಹಾಲು ಒಡೆಯುತ್ತದೆ.

ನನ್ನ ಅಭಿಪ್ರಾಯ ಇಷ್ಟು. ಸ್ಪೀಕರ್ ಕ್ಯಾಬಿನ್ ಒಳಗಿರಲಿ, ಬಾಗಿಲಿನಲ್ಲಿ ಅಥವಾ ಡ್ಯಾಶ್‌ಬೋರ್ಡ್‌ನಲ್ಲಿ. ಹೊರಗಿನ ಗಾರ್ಡ್‌ಗೆ, ಟಾಪ್ ಮೇಲೆ ಬೇಡ. ಹಿಂದೆ ಪ್ರಾಣಿ ಇದ್ದರೆ ಸೆಟ್ ಬಂದ್. ಆಗ ಹಿಂದೆ ಅದು ಜಾರಿದ ಸದ್ದು, ಕೂಗಿದ ಸದ್ದು ನಿಮಗೆ ಕೇಳಿಸುತ್ತದೆ. ಸೆಟ್‌ಗೆ ಖರ್ಚು ಮಾಡುವ ಮೊದಲು ನೆಲಕ್ಕೆ ಚಾಪೆ ಹಾಕಿಸಿ. ಹೋರಿ ಕರೆದೊಯ್ಯುವ ಅಭಿಮಾನಿಗಳಿಗೂ ಇದೇ ಮಾತು. ಅಖಾಡಕ್ಕೆ ಇಳಿಯುವ ಮೊದಲೇ ಹೋರಿಯನ್ನು ಗಾಡಿಯಲ್ಲಿ ದಣಿಸಿದರೆ ಅದರ ಓಟ ನೋಡುವುದೆಲ್ಲಿಂದ? ಹಬ್ಬದ ಹಾಡು ಊರು ಮುಟ್ಟಿ, ಹೋರಿ ಇಳಿಸಿ ದೂರ ಕಟ್ಟಿದ ಮೇಲೆ ಹಚ್ಚಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಾನೂನಿನಲ್ಲೇ ನಿರ್ಬಂಧವಿದೆ ಎಂಬುದೂ ನೆನಪಿರಲಿ.

ಸಂಘದ ಆಡಳಿತ ಮಂಡಳಿಯವರಲ್ಲೂ ಒಂದು ವಿನಂತಿ. ಹಾಲು ಸಾಗಣೆಯ ಗಾಡಿ ಗೊತ್ತು ಮಾಡುವಾಗ ಬಾಡಿಗೆಯ ದರದ ಜೊತೆಗೆ ಬ್ಯಾಟರಿ, ವೈರಿಂಗ್ ಕೂಡ ಒಮ್ಮೆ ನೋಡಿ. ಅರ್ಧ ಗಂಟೆಯ ಕೆಲಸ.

ಮಣಕ ಕಳೆದುಕೊಂಡ ಸದಸ್ಯರ ಮನೆಗೆ ಕಳೆದ ತಿಂಗಳು ಲಸಿಕೆ ಹಾಕಲು ಹೋಗಿದ್ದೆ. ಬಾಕ್ಸ್ ಎರಡೂ ಗಾರ್ಡ್‌ನಿಂದ ಇಳಿದಿದ್ದವು. ಗಾಡಿಯ ನೆಲಕ್ಕೆ ಹಳೆಯ ಕನ್ವೇಯರ್ ಬೆಲ್ಟ್‌ನ ರಬ್ಬರ್ ಬಿಗಿದಿದ್ದರು. ಕ್ಯಾಬಿನ್ ಒಳಗೆ ಸಣ್ಣ ಸ್ಪೀಕರ್ ಒಂದಿತ್ತು. ನನ್ನನ್ನು ಹಾನಗಲ್‌ವರೆಗೆ ಬಿಡಲು ಬಂದಾಗ ಹಾಡು ಹಚ್ಚಿದರು. ಇಬ್ಬರೂ ಕೇಳುತ್ತ ಬಂದೆವು, ಮಾತೂ ಆಡಿದೆವು. ಎರಡಕ್ಕೂ ಆ ಸದ್ದು ಸಾಕಾಗಿತ್ತು.