ಮಗ್ಗಿಯಂತೆ ಕಲಿಸುವ ಎನ್.ಎಂ.ಆರ್.

ನನ್ನ ಹತ್ತಿರ ಪಾಠಕ್ಕೆ ಬರುವ ಡೊಂಬಿವಲಿಯ ಬಿ.ಎಸ್ಸಿ. ಮಕ್ಕಳನ್ನು ಎನ್.ಎಂ.ಆರ್. ಬಗ್ಗೆ ಕೇಳಿ ನೋಡಿ. "ಟಿಎಂಎಸ್ ಸೊನ್ನೆ, ಬೆಂಜೀನ್ ಏಳು ಚಿಲ್ಲರೆ, ಆಲ್ಡಿಹೈಡ್ ಒಂಬತ್ತು-ಹತ್ತು" ಅಂತ ಮಗ್ಗಿ ಒಪ್ಪಿಸುತ್ತಾರೆ. ಯಂತ್ರ ನೋಡಿದ್ದೀರಾ? ಇಲ್ಲ. ಹೋಗಲಿ, ಯಂತ್ರದಿಂದ ಬಂದ ನಿಜವಾದ ಒಂದು ಸ್ಪೆಕ್ಟ್ರಮ್? ಅದೂ ಇಲ್ಲ!

ಪಕ್ಕದ ಕಾರ್ಬನ್ನಿನಲ್ಲಿ ಎರಡು ಹೈಡ್ರೋಜನ್ ಇದ್ದರೆ ಗೆರೆ ಮೂರಾಗಿ ಸೀಳುತ್ತದೆ, ಮೂರಿದ್ದರೆ ನಾಲ್ಕಾಗಿ. ಇದು 'ಎನ್ ಪ್ಲಸ್ ಒನ್' ನಿಯಮ. "ಹಾಗಾದರೆ ಎಥನಾಲ್‌ನ ಓಎಚ್ ಪಕ್ಕ ಎರಡು ಹೈಡ್ರೋಜನ್ ಇವೆಯಲ್ಲ, ಅದಕ್ಕೇಕೆ ಒಂದೇ ಗೆರೆ?" ಅಂತ ಒಬ್ಬ ಹುಡುಗಿ ಕಾಲೇಜಿನಲ್ಲಿ ಕೇಳಿದಳಂತೆ. "ಸಿಂಗ್ಲೆಟ್ ಅಂತ ಬರಿ, ಮಾರ್ಕ್ಸ್ ಬರುತ್ತೆ" ಅನ್ನುವುದೇ ಉತ್ತರ.

ಅಲ್ಲ ಸ್ವಾಮಿ, ಇಡೀ ಪಾಠ ಇದ್ದದ್ದೇ ಆ ಪ್ರಶ್ನೆಯಲ್ಲಿ! ನೀರು, ಆಮ್ಲದ ಸೋಂಕಿಲ್ಲದ ಶುದ್ಧ ಎಥನಾಲ್‌ನಲ್ಲಿ ಆ ಗೆರೆ ಮೂರಾಗಿಯೇ ಸೀಳುತ್ತದೆ. ಚೂರು ಆಮ್ಲ ಸೇರಿತೋ, ಓಎಚ್‌ನ ಹೈಡ್ರೋಜನ್ ದಾದರಿನಲ್ಲಿ ಗಾಡಿ ಬದಲಿಸುವವರ ಹಾಗೆ ಅಣುವಿನಿಂದ ಅಣುವಿಗೆ ಹಾರುತ್ತದೆ. ಪಕ್ಕದವರ ಗುರುತು ಹತ್ತುವಷ್ಟೂ ಪುರುಸೊತ್ತಿಲ್ಲ. ಆಗ ಒಂದೇ ಗೆರೆ.

ಇದೇ ಎಥನಾಲ್‌ನಲ್ಲಿ ಮೂರು ಬಗೆಯ ಹೈಡ್ರೋಜನ್‌ಗೆ ಮೂರು ಬೇರೆ ಗೆರೆ, 3:2:1ರ ಅಳತೆಯಲ್ಲಿ, ಬರುವುದನ್ನು 1951ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಪ್ರಕಟಿಸಿದವರು ಆರ್ನಾಲ್ಡ್, ಧರ್ಮಟ್ಟಿ ಮತ್ತು ಪ್ಯಾಕಾರ್ಡ್. ನಡುವಿನ ಹೆಸರು ಕೇಳಿದರೆ ನಮ್ಮ ಬೆಳಗಾವಿ ಕಡೆಯವರ ಕಿವಿ ನೆಟ್ಟಗಾಗುತ್ತದೆ. ಆ ಎಸ್. ಎಸ್. ಧರ್ಮಟ್ಟಿ ಆಮೇಲೆ ಇದೇ ಮುಂಬೈಗೆ ಬಂದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಎನ್.ಎಂ.ಆರ್. ಕೆಲಸ ಶುರುಮಾಡಿದರು. ಕೊಲಾಬಾದ ಆ ಸಂಸ್ಥೆಯಲ್ಲಿ ಈಗ ಎನ್.ಎಂ.ಆರ್.ನ ರಾಷ್ಟ್ರೀಯ ಸೌಲಭ್ಯವೇ ಇದೆ. ಅದೇ ಊರಿನ ಮಕ್ಕಳು ಮಗ್ಗಿ ಉರು ಹೊಡೆಯುತ್ತಿದ್ದಾರೆ!

ಯಂತ್ರಕ್ಕೆ ಕೋಟಿಗಟ್ಟಲೆ ದುಡ್ಡು, ಅದರ ಆಯಸ್ಕಾಂತಕ್ಕೆ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ ಬೇಕು ಅನ್ನುತ್ತಾರೆ. ಒಪ್ಪಿದೆ. ಕಾಲೇಜಿಗೊಂದು ಕೊಡಿ ಅಂತ ಯಾರು ಕೇಳಿದರು? ಯಂತ್ರ ಬರದಿದ್ದರೆ ಫೈಲ್ ಬರಲಿ. ಅಳೆದ ಕಚ್ಚಾ ಮಾಹಿತಿಯನ್ನು ಕಂಪ್ಯೂಟರಿಗೆ ಹಾಕಿ ಮಕ್ಕಳೇ ಸ್ಪೆಕ್ಟ್ರಮ್ ಮಾಡಲಿ, ಅದಕ್ಕೆ ಪುಕ್ಕಟೆ ಸಾಫ್ಟ್‌ವೇರ್ ಇದೆ. 7.26ರಲ್ಲಿ ಕ್ಲೋರೋಫಾರ್ಮಿನ ಗೆರೆ ಕರೆಯದೇ ಬಂದು ಕೂತದ್ದನ್ನು ನೋಡಲಿ. ಭಾರಜಲದ ಹನಿ ಹಾಕಿ ಕುಲುಕಿದ ಮೇಲೆ ಓಎಚ್ ಗೆರೆ ಮಾಯವಾದದ್ದನ್ನು ಹೋಲಿಸಿ ನೋಡಲಿ.

ನಾಳೆ ಇವರಲ್ಲಿ ಎಷ್ಟೋ ಮಂದಿ ಅಂಬರನಾಥ, ತಳೋಜದ ಕಾರ್ಖಾನೆಗಳ ಲ್ಯಾಬಿಗೆ ಹೋಗುವವರು. ಅಲ್ಲಿ ಸ್ಯಾಂಪಲ್ಲು ಪ್ರಶ್ನೆಪತ್ರಿಕೆಯ ಹಾಗೆ ಸ್ನಾನ ಮಾಡಿ, ತಲೆ ಬಾಚಿಕೊಂಡು ಬರುವುದಿಲ್ಲ. ಎದುರಿಗೆ ಬೇಡದ ಗೆರೆಯೊಂದು ನಿಂತಾಗ "ಇದು ಯಾರು?" ಅಂತ ಕೇಳುವವರು ಬೇಕು. ಹಾಗೆ ಕೇಳಿದ ಹುಡುಗಿಯ ಬಾಯಿ ಮುಚ್ಚಿಸಿ ಯಾವ ಕೆಮಿಸ್ಟ್ರಿ ಕಲಿಸುತ್ತಿದ್ದೇವೆ, ನೀವೇ ಹೇಳಿ.